ನಮ್ಮ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ: ‘ಮನಿಗೆ ಕರ್ಕೊಂಡು ಹೋಗ್ರಿ’ ಅಂದ ಮೇಲೆ ಕೈಗೊಂದು ಹಾಳೆ ಕೊಡಿಸಿ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನೀವೇ ಅಧ್ಯಕ್ಷರು. ಸಮಿತಿಯ ಹಣ ಯಾವುದಕ್ಕೆ ಹೋಗಬೇಕು, ವಾರ್ಡಿನ ಗೋಡೆಗೆ ಯಾವ ಬೋರ್ಡು ಬರಬೇಕು, ಗೇಟಿನಲ್ಲಿ ಯಾರನ್ನು ಒಳಗೆ ಬಿಡಬೇಕು ಎಂಬುದೆಲ್ಲ ಆ ಸಭೆಯಲ್ಲೇ ತೀರ್ಮಾನವಾಗುತ್ತದೆ. ಅದಕ್ಕೇ ಈ ಪತ್ರ ಬೆಂಗಳೂರಿಗಲ್ಲ, ನಿಮಗೆ. ಅರ್ಜಿ ಕೊಟ್ಟಾಯಿತು, ಜನಸಂಪರ್ಕ ಸಭೆಯಲ್ಲಿ ಕೈಮುಗಿದು ಕೇಳಿದ್ದಾಯಿತು, ‘ನೋಡೋಣು’ ಅನ್ನಿಸಿಕೊಂಡು ಬಂದದ್ದೂ ಆಯಿತು. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ನಾವು ಈಗ ಎಲ್ಲರ ಎದುರಿಗೇ ಕೇಳುತ್ತಿದ್ದೇವೆ.

ಬಾಯಿ ಕ್ಯಾನ್ಸರು ಕುತ್ತಿಗೆಗೆ ಇಳಿದವರು, ಕಿಡ್ನಿ ಕೈಕೊಟ್ಟವರು, ಲಕ್ವ ಹೊಡೆದು ಮೇಲೇಳದವರು, ಇಂಥವರಿಗೆ ಆಸ್ಪತ್ರೆಯಲ್ಲಿ ಸಿಗುವುದು ಒಂದೇ ಮಾತು: ‘ಇನ್ನ ಏನೂ ಮಾಡಾಕ ಬರಂಗಿಲ್ಲ, ಮನಿಗೆ ಕರ್ಕೊಂಡು ಹೋಗ್ರಿ.’ ಮಾಡಲಿಕ್ಕೆ ಬೇಕಾದಷ್ಟಿದೆ. ಅದನ್ನು ಹೇಳುವವರಿಲ್ಲ. ಡಿಸ್ಚಾರ್ಜ್ ಕಾರ್ಡು ಇಂಗ್ಲಿಷಿನಲ್ಲಿರುತ್ತದೆ, ಮಾತ್ರೆಯ ಹೆಸರು ಗೀಚಿದಂತಿರುತ್ತದೆ, ರಾತ್ರಿ ನೋವು ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕೆಂಬ ಒಂದು ನಂಬರು ಕೂಡ ಇರುವುದಿಲ್ಲ. ನಮ್ಮ ಬೇಡಿಕೆ ಇಷ್ಟೇ. ಇಂಥ ರೋಗಿಯನ್ನು ಮನೆಗೆ ಕಳಿಸುವಾಗ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡಿಸಿ. ಆ ಹಾಳೆಯಲ್ಲಿ ಬರೆದ, ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ತಾಲೂಕಿನಲ್ಲೇ ಸಿಗುವಂತೆ ಮಾಡಿಸಿ. ವಾರ್ಡಿನಲ್ಲೇ ಕೊನೆಯುಸಿರೆಳೆಯುವವರ ಹತ್ತಿರ ಮನೆಯವರೊಬ್ಬರನ್ನು ಹಗಲೂ ರಾತ್ರಿ ಇರಗೊಡಿ.

ಮೊದಲು ಮಾರ್ಫಿನ್. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದದ್ದು ನಿಮಗೆ ಗೊತ್ತೇ ಇದೆ. ಮಾರ್ಫಿನ್ ಸೇರಿ 6 ಔಷಧಗಳನ್ನು ಅಗತ್ಯ ಔಷಧವೆಂದು ಬೇರೆ ಮಾಡಿ, ಮೊದಲಿದ್ದ ಹಲವು ಲೈಸೆನ್ಸುಗಳ ತಾಪತ್ರಯ ತೆಗೆದು, ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕೆಂದು 2015ರ ನಿಯಮ ಹೇಳಿತು. ನೋವು ನಿವಾರಣೆಯಲ್ಲಿ ತರಬೇತಾದ ಒಬ್ಬ ವೈದ್ಯರು, ಬೀಗ ಹಾಕುವ ಒಂದು ಕಪಾಟು, ದಿನದ ಲೆಕ್ಕದ ವಹಿ, ಇಷ್ಟಿದ್ದರೆ ತಾಲೂಕು ಆಸ್ಪತ್ರೆ ಮಾನ್ಯತೆಗೆ ಅರ್ಜಿ ಹಾಕಬಹುದು. ಆದರೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೋಗಿ ಬಂದ ರೋಗಿಯ ಮಾತ್ರೆ ತೀರಿತೆಂದರೆ ಮತ್ತೆ ಅಲ್ಲಿಗೇ ಹೋಗಬೇಕು. ಕೂತರೆ ನಿಂತರೆ ನೋವು ಅನ್ನುವವರನ್ನು ರಾತ್ರಿ ಬಸ್ಸಿನಲ್ಲಿ ಮಲಗಿಸಿಕೊಂಡು ಹೋಗುವುದು ಹೇಗೆ ಎಂದು ಒಮ್ಮೆ ಯೋಚಿಸಿ. ಹೋಗಲಾರದವರಿಗೆ ಇಲ್ಲಿ ಮಾರ್ಫಿನ್‌ಗಿಂತ ಕಡಿಮೆ ಕಸುವಿನ ಟ್ರಮಡಾಲ್ ಕೊಡುತ್ತಾರೆ. ಅದಕ್ಕೆ ದಿನಕ್ಕೆ 400 ಮಿಲಿಗ್ರಾಂ ಎಂಬ ಮಿತಿ ಇದೆ. ಅಷ್ಟಕ್ಕೂ ಬಗ್ಗದ ನೋವಿಗೆ ಮುಂದಿನ ಮೆಟ್ಟಿಲು ಮಾರ್ಫಿನ್ನೇ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಬರೆದಿಟ್ಟಿದೆ.

ಮಾರ್ಫಿನ್ ಸಿಕ್ಕವರಿಗೂ ತೆಗೆದುಕೊಳ್ಳುವ ರೀತಿ ಹೇಳಿರುವುದಿಲ್ಲ. ಹಾಳೆಯಲ್ಲಿ ಇದು ಮೊದಲು ಬರಬೇಕು. ಸಾದಾ ಮಾತ್ರೆಯ ಕಸುವು ಸುಮಾರು 4 ತಾಸು. ಅದಕ್ಕೇ ನೋವು ಬಂದಾಗ ನುಂಗುವುದಲ್ಲ, ಗಡಿಯಾರ ನೋಡಿ ನುಂಗಬೇಕು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ 10ರ ಮಾತ್ರೆಯನ್ನು ಸಾಮಾನ್ಯವಾಗಿ ವೈದ್ಯರು ಎರಡು ಪಟ್ಟು ಬರೆಯುತ್ತಾರೆ, ನಡುರಾತ್ರಿ ಎಬ್ಬಿಸುವುದು ಬೇಡವೆಂದು. ಹೊಸಬರಿಗೆ 5 ಮಿಲಿಗ್ರಾಂ, ತೀರ ಸೊರಗಿದ ವಯಸ್ಸಾದವರಿಗೆ 2.5 ರಿಂದ ಶುರು ಮಾಡಿ ನೋವು ನೋಡಿ ಏರಿಸುತ್ತಾರೆ. ಏರಿಸುವುದು, ಇಳಿಸುವುದು ವೈದ್ಯರ ಕೆಲಸ, ಮನೆಯವರದಲ್ಲ. ಮೊದಲ ಎರಡು ಮೂರು ದಿನ ಮಂಪರು, ಓಕರಿಕೆ ಇರುತ್ತದೆ. ‘ಗುಳಿಗಿ ಒಗ್ಗಲಿಲ್ಲ’ ಎಂದು ಜನ ನಿಲ್ಲಿಸುವುದು ಆಗಲೇ. ಮಂಪರು ತಾನಾಗಿ ಕಡಿಮೆಯಾಗುತ್ತದೆ, ಓಕರಿಕೆಗೆ ಮಾತ್ರೆ ಇದೆ. ತಾನಾಗಿ ಹೋಗದೆ ಇರುವುದು ಮಲಬದ್ಧತೆ. ಮಾರ್ಫಿನ್ ಶುರುವಾದ ದಿನವೇ ರಾತ್ರಿ ಮಲ ಸಡಿಲಿಸುವ ಬಿಸಾಕೊಡಿಲ್ ಮಾತ್ರೆ ಕೂಡ ಶುರುವಾಗಬೇಕು. ಅದನ್ನು ಬರೆಯುವುದು ಮರೆತರೆ ನಾಲ್ಕೈದು ದಿನಕ್ಕೆ ಹೊಟ್ಟೆ ಕಲ್ಲಾಗಿ, ಕ್ಯಾನ್ಸರಿಗಿಂತ ಅದರ ಸಂಕಟವೇ ದೊಡ್ಡದಾಗುತ್ತದೆ. ನೀರು ಕುಡಿಯಲಾಗದವರಿಗೆ ಇಸಬಗೋಲ್ ಬೇಡ, ಒಳಗೇ ಗಟ್ಟಿಯಾಗುತ್ತದೆ. ಕಿಡ್ನಿ ತೊಂದರೆ ಇದ್ದವರು ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಕೈಕಾಲು ತಟಕ್ಕನೆ ಎಗರತೊಡಗಿದರೆ, ಆ ಹೊತ್ತಿಗೇ ವೈದ್ಯರಿಗೆ ತಿಳಿಸಬೇಕು. ಒಮ್ಮೆಲೆ ನಿಲ್ಲಿಸಬಾರದು. ಚಟ ಹತ್ತುತ್ತದೆಂದು ಹೆದರಿ ಮಗ ಅರ್ಧ ಮಾತ್ರೆ ಮುರಿದು ಕೊಡುವ ಮನೆಗಳನ್ನು ನಾವು ನೋಡುತ್ತಲೇ ಇದ್ದೇವೆ. ನೋವಿಗೆ ತಕ್ಕಷ್ಟು, ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳುವವರಿಗೆ ಚಟದ ಭಯ ಬೇಡ ಎಂದು ಯಾರಾದರೂ ಅವನಿಗೆ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು.

ಇನ್ನು ಹಾಸಿಗೆ ಹುಣ್ಣು. ಇದರಲ್ಲಿ ಬಹುಪಾಲು ಬಾರದಂತೆ ತಡೆಯಬಹುದಾದ್ದು. 2 ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಉರುಳಿಸುವುದಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪ ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಬೇಕು. ನಮ್ಮ ಕಡೆ ಕೆಳಗೆ ಕೌದಿ ಹಾಸುತ್ತಾರೆ. ಅದರ ಹೊಲಿಗೆಯ ಗಂಟು, ತೇಪೆಯ ಅಂಚು ಟೊಂಕದ ಎಲುಬಿಗೆ ಒತ್ತಿ ಅಲ್ಲೇ ಹುಣ್ಣು ಏಳುತ್ತದೆ. ಕೌದಿಯ ಮೇಲೆ ಮೆತ್ತಗಿನ ಹಳೆಯ ಹತ್ತಿ ಸೀರೆ ಮಡಿಸಿ, ನೆರಿಗೆ ಬೀಳದಂತೆ ಎಳೆದು ಹಾಸಬೇಕು. ದಿನಾ ಮೈ ಒರೆಸುವಾಗ ಟೊಂಕ, ಹಿಮ್ಮಡಿ, ಮೊಣಕೈ ನೋಡಬೇಕು. ಕೆಂಪಗೆ ಅಥವಾ ಸುತ್ತಲಿಗಿಂತ ಕಪ್ಪಗೆ ಕಂಡ ಕಡೆ ಬೆರಳಿಂದ ಒತ್ತಿ ಬಿಡಿ. ಬಣ್ಣ ಬದಲಾಗದೆ ಹಾಗೇ ನಿಂತರೆ, ಮುಟ್ಟಿದರೆ ಬಿಸಿಯೋ ಗಟ್ಟಿಯೋ ಅನ್ನಿಸಿದರೆ ಹುಣ್ಣು ಒಳಗೆ ಶುರುವಾಗಿದೆ ಎಂದರ್ಥ. ಆ ಮಗ್ಗುಲಿಗೆ ಮಲಗಿಸುವುದು ಅಂದಿನಿಂದ ಬಂದ್. ತಿಕ್ಕಬಾರದು. ರಬ್ಬರ್ ರಿಂಗೋ ಗಾಳಿ ತುಂಬಿದ ಟ್ಯೂಬೋ ಕೆಳಗಿಟ್ಟು ಕೂಡಿಸಬಾರದು, ಅದು ಸುತ್ತಲ ರಕ್ತ ಸಂಚಾರವನ್ನೇ ಹಿಸುಕುತ್ತದೆ.

ತೆರೆದ ಹುಣ್ಣು ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ದುರ್ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಈ ಮಾತ್ರೆ ಗೊತ್ತಿಲ್ಲದೆ, ವಾಸನೆಗೆ ನಾಚಿ ರೋಗಿಯನ್ನು ದನದ ಕೊಟ್ಟಿಗೆಯ ಪಕ್ಕ ಮಲಗಿಸಿದ ಮನೆಗಳಿವೆ. ಬಾಯಿ, ಕುತ್ತಿಗೆಯ ಗಡ್ಡೆ ಇದ್ದವರ ಹಾಸಿಗೆ ಪಕ್ಕ ಕಡುಗೆಂಪು ಬಣ್ಣದ ಟವೆಲ್ ಇಟ್ಟಿರಬೇಕು. ರಕ್ತ ಒಸರಿದರೆ ಒದ್ದೆ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಬಿಳಿ ಬಟ್ಟೆಯಾದರೆ ರಕ್ತ ಕಂಡೇ ರೋಗಿಯೂ ಮನೆಯವರೂ ಎದೆಗುಂದುತ್ತಾರೆ.

ಶಾಸಕರೇ, ಗೇಟಿನ ಸಂಗತಿ ಹೇಳದೆ ಮುಂದೆ ಹೋಗಲಾಗುವುದಿಲ್ಲ. ನಮ್ಮ ಭಾಗದ ಒಂದು ಆಸ್ಪತ್ರೆ, ಹೆಸರು ಬೇಡ. ವಾರ್ಡಿನಲ್ಲಿ ಒಬ್ಬ ತಾಯಿ, ಉಸಿರು ಏರುಪೇರಾಗಿತ್ತು, ಈ ರಾತ್ರಿ ದಾಟುವುದು ಕಷ್ಟವೆಂದು ಸಿಸ್ಟರಿಗೆ ಗೊತ್ತಿತ್ತು. ಕಬ್ಬು ಕಡಿಯಲು ಹೋಗಿದ್ದ ಮಗ ಸುದ್ದಿ ತಿಳಿದು ಕೊನೆಯ ಬಸ್ಸಿಗೆ ಬಂದಿಳಿದ. ಗೇಟಿನಲ್ಲಿ ‘ಭೇಟಿ ಟೈಮ್ ಮುಗದೈತಿ, ಪಾಸ್ ಇಲ್ಲ, ಮುಂಜಾನಿ ಬರ್ರಿ’ ಅಂದರು. ‘ಯಣ್ಣಾ, ನಮ್ಮವ್ವ ಅದಾಳ ಒಳಗ’ ಎಂದು ಕೈಮುಗಿದ. ಒಳಗೆ ಹೋಗಿ ಕೇಳಿ ಬರುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಹೊರರೋಗಿ ವಿಭಾಗದ ಕಟ್ಟೆಯ ಮೇಲೆ ಟವೆಲ್ ಹೊದ್ದು ಕೂತ. ನಸುಕಿನಲ್ಲಿ ವಾರ್ಡ್‌ಬಾಯ್ ಹೊರಗೆ ಬಂದು ‘ಇವರ ಕಡೆಯವ್ರು ಯಾರದೀರಿ’ ಎಂದು ಕೂಗಿದ. ಐವತ್ತು ಹೆಜ್ಜೆ ದೂರದಲ್ಲಿ ಮಗ ಎಚ್ಚರವಾಗಿಯೇ ಇದ್ದ, ತಾಯಿ ಒಬ್ಬಳೇ ಹೋದಳು. ಗೇಟಿನವನು ನಿಯಮ ಪಾಲಿಸಿದ, ಅವನ ಮೇಲೆ ನಮಗೆ ಸಿಟ್ಟಿಲ್ಲ. ಸಾಯುವವರಿಗೂ ಹರ್ನಿಯಾ ಆಪರೇಷನ್ ಆದವರಿಗೂ ಒಂದೇ ಭೇಟಿ ಸಮಯ ಬರೆದಿಟ್ಟವರ ಮೇಲೆ ಸಿಟ್ಟಿದೆ. ಒಂದು ಬಣ್ಣದ ಪಾಸು ಮಾಡಿಸಿ. ಕೊನೆಯ ಹಂತವೆಂದು ವೈದ್ಯರು ಕೇಸ್ ಶೀಟಿನಲ್ಲಿ ಬರೆದ ರೋಗಿಯ ಕಡೆಯವರಿಗೆ ಅದು ಸಿಗಲಿ, ಒಬ್ಬರು ಸದಾ ಹತ್ತಿರ ಇರಲಿ, ಉಳಿದವರು ಸರದಿಯಲ್ಲಿ ಯಾವ ಹೊತ್ತಿಗಾದರೂ ಬಂದು ಹೋಗಲಿ, ಮಕ್ಕಳಿಗೂ ತಡೆ ಬೇಡ. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಿಲ್ಲ, ನಿಮ್ಮ ಸಮಿತಿಯ ಒಂದು ಠರಾವು ಸಾಕು.

ಬಂದು ಹೋಗುವವರಿಗೂ ಹಾಳೆಯಲ್ಲಿ ನಾಲ್ಕು ಮಾತು ಬೇಕು. ನೆಗಡಿ, ಜ್ವರ ಇದ್ದವರು ಬರಬೇಡಿ. ಓಣಿಯ ಮಂದಿಯೆಲ್ಲ ಒಟ್ಟಿಗೆ ಸುತ್ತುವರಿಯಬೇಡಿ, ಉಸಿರು ಕಟ್ಟುವ ರೋಗಿಗೆ ಗಾಳಿ ಮುಖ್ಯ: ಕಿಟಕಿ ತೆಗೆದು, ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ, ಮುಖಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿದರೆ ಏದುಸಿರು ಎಷ್ಟೋ ತಗ್ಗುತ್ತದೆ. ‘ಇವರಿಗೇನ ಕೇಳಸತೈತಿ’ ಎಂದು ಎದುರಿಗೇ ಮಣ್ಣು ಮಾಡುವ ಮಾತಾಡಬೇಡಿ, ಕಣ್ಣು ಮುಚ್ಚಿದವರಿಗೂ ಕಿವಿ ಕೇಳುತ್ತಿರಬಹುದು. ತರುವುದಿದ್ದರೆ ಹಣ್ಣಿನ ಬುಟ್ಟಿಗಿಂತ ತೊಳೆದ ಹತ್ತಿ ಬಟ್ಟೆ, ಕೊಬ್ಬರಿ ಎಣ್ಣೆ ತನ್ನಿ. ಒತ್ತಾಯ ಮಾಡಿ ಉಣ್ಣಿಸಬೇಡಿ. ಮೈ ಕಳಚಿಕೊಳ್ಳುವ ಹೊತ್ತಿಗೆ ಹಸಿವು ತಾನೇ ಹೋಗುತ್ತದೆ, ಊಟ ಬಿಟ್ಟದ್ದರಿಂದ ಸಾವು ಬರುವುದಲ್ಲ, ಸಾವು ಹತ್ತಿರ ಬಂದದ್ದರಿಂದ ಊಟ ಬಿಡುವುದು. ನುಂಗುವ ಶಕ್ತಿ ಇರುವವರೆಗೆ ಕೂಡಿಸಿ, ಚಮಚದಿಂದ ಗಟ್ಟಿ ಗಂಜಿಯನ್ನೋ ನುಚ್ಚನ್ನೋ ಕೊಡಿ. ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ.

ಬಾಯಿಗೆ ನೀರು ಬಿಡುವ ಪದ್ಧತಿ ಎಲ್ಲರಲ್ಲೂ ಇದೆ. ಪಾದೋದಕವಿರಲಿ, ಗಂಗಾಜಲವಿರಲಿ, ಝಮ್‌ಝಮ್ ಇರಲಿ, ಯಾರ ಶ್ರದ್ಧೆಗೂ ನಾವು ಅಡ್ಡಬರುವುದಿಲ್ಲ. ಆದರೆ ನುಂಗಲಾಗದವರ ಬಾಯಿಗೆ ಚಮಚದಿಂದ ಹಾಕಿದ ನೀರು ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಹತ್ತಿಯನ್ನು ಅದ್ದಿ, ಹಿಂಡಿ, ತುಟಿಗೂ ನಾಲಿಗೆಗೂ ಒತ್ತಿದರೆ ಸಾಕು. ಗಂಟಲಲ್ಲಿ ಗೊರಗೊರ ಸದ್ದು ಬಂದಾಗ ಜನ ಗಾಬರಿಯಾಗುತ್ತಾರೆ. ನುಂಗಲಾಗದ ಜೊಲ್ಲು ಅಲ್ಲಿ ನಿಂತಿರುತ್ತದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿದರೆ ಎಷ್ಟೋ ಕಡಿಮೆಯಾಗುತ್ತದೆ, ವೈದ್ಯರು ಹೇಳಿದರೆ ಜೊಲ್ಲು ಕಡಿಮೆ ಮಾಡುವ ಹಯೋಸಿನ್ ಇಂಜೆಕ್ಷನ್ ಇದೆ. ಆ ಹೊತ್ತಿನಲ್ಲಿ ‘ಸಲಾಯಿನ್ ಹಚ್ರಿ’ ಎಂದು ಹಟ ಹಿಡಿದರೆ ಆ ನೀರು ಕಾಲಿಗೂ ಪುಪ್ಪುಸಕ್ಕೂ ಇಳಿದು ಗೊರಗೊರ ಹೆಚ್ಚುತ್ತದೆ. ಕೈಕಾಲು ತಣ್ಣಗಾಗುವುದು, ಉಸಿರು ನಡುನಡುವೆ ನಿಂತು ಮತ್ತೆ ಶುರುವಾಗುವುದು ಕೊನೆಯ ಲಕ್ಷಣಗಳು. ಇಷ್ಟು ಮೊದಲೇ ಗೊತ್ತಿದ್ದರೆ ಆ ಹೊತ್ತಿನಲ್ಲಿ ಟಂಟಂ ಗಾಡಿ ಹುಡುಕಿಕೊಂಡು ಯಾರೂ ಓಡುವುದಿಲ್ಲ.

ವೆಂಟಿಲೇಟರ್ ಬೇಡವೆನ್ನುವ ಹಕ್ಕಿನ ಬಗ್ಗೆಯೂ ಹಾಳೆಯಲ್ಲಿ ಎರಡು ಸಾಲು ಇರಲಿ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ವಿಧಾನ ಸರಳ ಮಾಡಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆಯನ್ನೂ ಹೊರಡಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಮುಂಗಡ ಇಚ್ಛಾಪತ್ರ, ಅಂದರೆ ಮುಂದೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಟ್ಟ ಪತ್ರ, ನಡೆಯುತ್ತದೆ. ಆಸ್ಪತ್ರೆಯ ಮೊದಲ ವೈದ್ಯಕೀಯ ಮಂಡಳಿಯ ತೀರ್ಮಾನವನ್ನು ಮತ್ತೆ ಪರಿಶೀಲಿಸುವ ಎರಡನೇ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಒಬ್ಬ ವೈದ್ಯರನ್ನು ನೇಮಿಸಬೇಕು. ಆ ಪಟ್ಟಿ ತಯಾರಿದೆಯೇ ಎಂದು ನೀವು ಒಮ್ಮೆ ಕೇಳಿ.

ಮನೆಯಲ್ಲಿ ಸತ್ತರೆ ಕಾಗದದ ಕಷ್ಟ ಬೇರೆ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಸಾವಿನ ಕಾರಣವನ್ನು 4ಎ ನಮೂನೆಯಲ್ಲಿ ಬರೆಯಬೇಕಾದವರು ಕೊನೆಯಲ್ಲಿ ನೋಡಿಕೊಂಡ ವೈದ್ಯರು. ‘ನಾವು ನೋಡಿಲ್ಲ’ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೈ ಎತ್ತುತ್ತಾರೆ, ಮನೆಯವರು ವಿಮೆಗೂ ಪಿಂಚಣಿಗೂ ಅಲೆಯುತ್ತಾರೆ. ಡಿಸ್ಚಾರ್ಜ್ ಆದ ವಾರದಲ್ಲೇ ಆ ಕೇಂದ್ರದ ವೈದ್ಯರು ಒಮ್ಮೆ ಮನೆಗೆ ಬಂದು ಹೋದರೆ ಈ ತಕರಾರೇ ಹುಟ್ಟುವುದಿಲ್ಲ. ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಿಟ್ಟ ಈ ಸರ್ಕಾರಿ ಆರೋಗ್ಯ ಕೇಂದ್ರಗಳ ಸೇವೆಯ ಪಟ್ಟಿಯಲ್ಲಿ ಉಪಶಮನ ಆರೈಕೆ, ಅಂದರೆ ವಾಸಿಯಾಗದವರ ನೋವು ಸಂಕಟ ತಗ್ಗಿಸುವ ಆರೈಕೆ, ಇದ್ದೇ ಇದೆ, ಬೋರ್ಡಿನ ಮೇಲೂ ಬರೆದಿದೆ. ಮನೆಬಾಗಿಲಿಗೆ ಬಂದಿಲ್ಲ.

ಕೇಳಿದ್ದನ್ನೇ ಮತ್ತೆ ಕೇಳುತ್ತೇವೆ. ಹಾಳೆ ಕೊಡಿಸಿ. ಮಾರ್ಫಿನ್ ತರಿಸಿ. ಗೇಟು ತೆಗೆಸಿ. ಹಾಳೆಯಲ್ಲಿ ಏನು ಬರೆಯಬೇಕೆಂಬುದನ್ನು ಈ ಪತ್ರದಲ್ಲೇ ಕೊಟ್ಟಿದ್ದೇವೆ. ನಿಮ್ಮ ವೈದ್ಯರು ಒಮ್ಮೆ ನೋಡಿ ತಿದ್ದಿದರೆ ಅಚ್ಚಿಗೆ ಹೋಗಬಹುದು, ಎರಡೂ ಮಗ್ಗುಲು ದೊಡ್ಡಕ್ಷರದಲ್ಲಿ, ಕೆಳಗೆ ರಾತ್ರಿಯೂ ಎತ್ತುವ ಒಂದು ಫೋನ್ ನಂಬರಿನೊಂದಿಗೆ. ಓದಲು ಬಾರದವರಿಗೆ ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆ ಕೂತು ಓದಿ ಹೇಳಲಿ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಮೂರೂ ವಿಷಯ ಮಂಡಿಸಿ, ಯಾರು ಯಾವ ತಾರೀಖಿನೊಳಗೆ ಮಾಡಬೇಕೆಂದು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಆಸ್ಪತ್ರೆಯ ನೋಟಿಸ್ ಬೋರ್ಡಿಗೆ ಹಚ್ಚಿಸಿ.

ಇಂತಿ,
ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿರುವ ನಿಮ್ಮ ಮತದಾರರು
ಬಾಗಲಕೋಟೆ ಜಿಲ್ಲೆ