ಡೇರೆ ಹಾಕುವ ಮುನ್ನ

ಪ್ರೀತಿಯ ಪುಟ್ಟಿ,

ವಾರಗಟ್ಟಲೆ ನಡೆಯಲು ಹೊರಟಿದ್ದೀಯ. ಬೂಟು, ಬ್ಯಾಗಿನ ವಿಷಯ ನಿನಗೆ ನನಗಿಂತ ಜಾಸ್ತಿ ಗೊತ್ತು. ಮಲಗುವ ಜಾಗದ ಬಗ್ಗೆ ಮಾತ್ರ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಕತ್ತಲಾಗಲು ಇನ್ನೂ ಎರಡು ಗಂಟೆ ಇರುವಾಗಲೇ ಹುಡುಕಲು ಶುರು ಮಾಡು. ಕಾಲು ಸೋತ ಮೇಲೆ ಯಾವ ಜಾಗವಾದರೂ ಸಾಕು ಅನ್ನಿಸುತ್ತದೆ. ಒಮ್ಮೆ ನನಗೆ ಹಾಗೇ ಆಯಿತು. ಟಾರ್ಚ್ ಬೆಳಕಿನಲ್ಲಿ ಸಮತಟ್ಟಾದ, ಹುಲ್ಲಿಲ್ಲದ ನೆಲ ಕಂಡಿತು. ಎಷ್ಟೋ ಜನ ಉಳಿದಿದ್ದ ಜಾಗ, ಧೈರ್ಯವಾಗಿ ಡೇರೆ ಹಾಕಿದೆ. ನಡುರಾತ್ರಿ ಮಳೆ ಬಂತು. ತುಳಿದು ತುಳಿದು ಗಟ್ಟಿಯಾಗಿದ್ದ ಆ ನೆಲ ನೀರು ಕುಡಿಯಲೇ ಇಲ್ಲ. ನಡುವೆ ಒಂಚೂರು ತಗ್ಗಿತ್ತು. ಸುತ್ತಲಿನ ನೀರೆಲ್ಲ ನನ್ನ ಕೆಳಗೇ ಬಂದು ನಿಂತಿತು. ಸ್ಲೀಪಿಂಗ್ ಬ್ಯಾಗ್ ತೊಯ್ದು ತೊಪ್ಪೆಯಾಗಿ, ಬೆಳಗಿನ ತನಕ ನಡುಗುತ್ತಾ ಕೂತಿದ್ದೆ.

ಅವತ್ತಿನಿಂದ ಬ್ಯಾಗ್ ಇಳಿಸಿದ ತಕ್ಷಣ ಮೊದಲು ನೋಡುವುದು, ಜೋರು ಮಳೆ ಬಂದರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ. ಸ್ವಲ್ಪ ಇಳಿಜಾರಿದ್ದರೆ ಒಳ್ಳೆಯದೇ, ತಲೆಯನ್ನು ಮೇಲ್ಬದಿಗೆ ಇಟ್ಟುಕೊಂಡು ಮಲಗು. ತರಗೆಲೆ ಬಿದ್ದ ಮೆತ್ತನೆಯ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಒಣಗಿದ ಹಳ್ಳದ ಮರಳು ಎಷ್ಟೇ ಚೆಂದ ಕಂಡರೂ ಅಲ್ಲಿ ಬೇಡ. ನಿನ್ನ ತಲೆಯ ಮೇಲೆ ನಕ್ಷತ್ರ ಇದ್ದರೂ, ದೂರದ ಬೆಟ್ಟದಲ್ಲಿ ಸುರಿದ ಮಳೆ ಹಳ್ಳವಾಗಿ ಇಳಿದು ಬರುತ್ತದೆ.

ಆಮೇಲೆ ಕತ್ತೆತ್ತಿ ನೋಡು. ಒಣಮರ, ಅರ್ಧ ಮುರಿದು ನೇತಾಡುವ ಕೊಂಬೆ ಕಂಡರೆ ಸುಮ್ನೆ ಮುಂದೆ ನಡೆ. ಅವು ಗಾಳಿ ಇಲ್ಲದಿದ್ದರೂ ಬೀಳುತ್ತವೆ. ಎಷ್ಟೇ ಸುಸ್ತಾಗಿರಲಿ, ಇದೊಂದರಲ್ಲಿ ಸಡಿಲ ಬಿಡಬೇಡ ಮಗಳೇ. ಗುಡುಗಿನ ದಿನ ಬೆಟ್ಟದ ನೆತ್ತಿಯೂ ಒಂಟಿ ಮರದ ಬುಡವೂ ಬೇಡ.

ಹೊಳೆಯ ಪಕ್ಕ ಮಲಗುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಆದರೆ ರಾತ್ರಿ ತಣ್ಣನೆಯ ಗಾಳಿ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ. ಬೆಳಗ್ಗೆ ಡೇರೆಯ ಒಳಗೂ ಹನಿ ಕಟ್ಟಿರುತ್ತದೆ. ಪ್ರಾಣಿಗಳೂ ನೀರಿಗೆ ಅಲ್ಲಿಗೇ ಬರಬೇಕು. ಅವುಗಳ ದಾರಿಗೆ ನಾವು ಅಡ್ಡ ಆಗಬಾರದು. ಕಡಿಮೆ ಅಂದರೂ 60 ಮೀಟರ್ ದೂರ ಇರು. ನಾನು ಮಾಡುವುದು ಹೀಗೆ: ಸಂಜೆ ನೀರಿನ ಹತ್ತಿರ ಅಡುಗೆ ಮಾಡಿ ಉಂಡು, ಬಾಟಲಿ ತುಂಬಿಸಿಕೊಂಡು, ಇನ್ನೂ ಅರ್ಧ ಗಂಟೆ ಮೇಲಕ್ಕೆ ನಡೆಯುತ್ತೇನೆ. ಮೇಲೆ ಚಳಿ ಕಡಿಮೆ. ಊಟದ ವಾಸನೆಯೂ ಹಿಂದೆ ಉಳಿಯುತ್ತದೆ.

ಡೇರೆ ಹಾಕುವ ಮೊದಲು ಬರೀ ನೆಲದ ಮೇಲೆ ಒಂದು ನಿಮಿಷ ಮಲಗಿ ನೋಡು. ಬೆನ್ನಿಗೆ ಚುಚ್ಚುವ ಬೇರು, ಕಲ್ಲು ಆಗಲೇ ಗೊತ್ತಾಗುತ್ತವೆ.

ಮೊದಲ ವಾರ ಎಲ್ಲೆಲ್ಲಿ ಮಲಗಿದೆ ಅಂತ ನನಗೆ ಬರೆ.

ನಿನ್ನ ದೊಡ್ಡಪ್ಪ