ಶನಿವಾರದ ಅರ್ಜಿ ಕೆಲಸದ ಬಗ್ಗೆ ಪೋಷಕರಿಗೆ ಪತ್ರ

ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜು
ವಿಜಯಪುರ ಜಿಲ್ಲೆ
ದಿನಾಂಕ: 15 ಜುಲೈ 2024

ಮಾನ್ಯ ಪೋಷಕರೆ,

ನಮಸ್ಕಾರ. ಗ್ರಾಮಸಭೆಯಲ್ಲಿ ನಮ್ಮ ಹುಡುಗಿಯರು ಎದ್ದು ನಿಂತು ಮಾತಾಡಿದ ಮೇಲೆ ನಿಮ್ಮಲ್ಲಿ ಕೆಲವರು ಫೋನ್ ಮಾಡಿದಿರಿ, ಕೆಲವರು ಕಾಲೇಜಿಗೇ ಬಂದಿರಿ. "ಮೇಡಮ್, ಓದಾಕ ಕಳಿಸೀವಿ, ಪಂಚಾಯ್ತಿ ಮಾಡಾಕಲ್ಲ" ಅಂದರು ಒಬ್ಬ ತಂದೆ. ಊರ ಹಿರಿಯರ ಮುಂದೆ ಮಗಳು ಮೈಕ್ ಹಿಡಿದಳಂತೆ ಎಂದು ಮಂದಿ ಬಾಯಿಂದ ಕೇಳಿದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ. ಅದಕ್ಕೇ ಏನು ನಡೆಯುತ್ತಿದೆ, ಯಾವುದಕ್ಕೆ ನಾವು ಕೈ ಹಾಕುವುದಿಲ್ಲ ಎಂಬುದನ್ನು ನಾನೇ ಬರೆದು ತಿಳಿಸುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಪಂಚಾಯ್ತಿ ಕಟ್ಟಡದ ಪಕ್ಕದ ಬೇವಿನ ಮರದ ಕೆಳಗೆ ಎರಡು ಬೆಂಚು ಹಾಕುತ್ತೇವೆ. ಪ್ರಥಮ ಮತ್ತು ದ್ವಿತೀಯ ಪಿಯುಸಿಯ ಹುಡುಗಿಯರು, ಜೊತೆಗೆ ಒಬ್ಬ ಉಪನ್ಯಾಸಕಿ. ಊರಿನ ಹೆಂಗಸರು ಕಾಗದಪತ್ರ ತುಂಬಿದ ಪ್ಲಾಸ್ಟಿಕ್ ಕವರ್ ಹಿಡಿದು ಬರುತ್ತಾರೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಗಂಡನ ಮರಣ ಪ್ರಮಾಣಪತ್ರ, ಜೊತೆಗೆ ಯಾವ ಕಾಲದ್ದೋ ಒಂದು ಕರೆಂಟ್ ಬಿಲ್ಲು. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು: "ಅರ್ಜಿ ಕೊಟ್ಟೇನವ್ವಾ, ಮುಂದ ಏನಾತೋ ಗೊತ್ತಿಲ್ಲ."

ಮೊನ್ನೆ ಒಬ್ಬ ಅಜ್ಜಿಗೆ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಒಂದು ತಿಂಗಳೂ ಬಂದಿರಲಿಲ್ಲ. ಬ್ಯಾಂಕಿಗೆ ಹೋದರೆ ಪಂಚಾಯ್ತಿಗೆ ಹೋಗು, ಪಂಚಾಯ್ತಿಗೆ ಹೋದರೆ ಬ್ಯಾಂಕಿಗೆ ಹೋಗು. ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಕಾಗದಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಹರವಿ, ಒಂದೊಂದರ ಮೇಲೂ ಬೆರಳಿಟ್ಟು ಹೆಸರು ಓದಿದಳು. ಆಧಾರ್‌ನಲ್ಲಿ ಅಜ್ಜಿಯ ಹೆಸರಿನ ಕೊನೆಗೆ "ಅವ್ವ", ಪಾಸ್‌ಬುಕ್ಕಿನಲ್ಲಿ "ಬಾಯಿ". ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಅಲ್ಲೇ ಕೂತು ತಿದ್ದುಪಡಿ ಅರ್ಜಿ ಬರೆದಳು, ಸೋಮವಾರ ಬ್ಯಾಂಕಿನಲ್ಲಿ ಯಾರನ್ನು ಏನು ಕೇಳಬೇಕೆಂದು ಅಜ್ಜಿಗೆ ಮೂರು ಸಲ ಬಾಯಿಪಾಠ ಮಾಡಿಸಿದಳು. ಇದಕ್ಕೆ ಯಾವ ಪ್ರಚಾರವೂ ಬೇಕಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬ್ಯಾನರ್ ಹಿಡಿದು ಜಾಥಾ ಮಾಡುವುದಕ್ಕಿಂತ ಇದು ನೂರುಪಾಲು ಮೇಲು. ಜಾಥಾದಿಂದ ಫೋಟೊ ಸಿಗುತ್ತದೆ, ಅಷ್ಟೆ.

ಬೆಂಚಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಸ್ವೀಕೃತಿ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ. ವಿಧವಾ ವೇತನವಿರಲಿ, ಜಾತಿ-ಆದಾಯ ಪ್ರಮಾಣಪತ್ರವಿರಲಿ, ನಾಡಕಚೇರಿಯಲ್ಲಿ ಕೊಟ್ಟರೆ ಸಕಾಲದ 15 ಅಂಕಿಯ ಸಂಖ್ಯೆ ಬರಬೇಕು. 2011ರ ಸಕಾಲ ಕಾಯ್ದೆಯ ಪ್ರಕಾರ ಹೇಳಿದ ಅವಧಿಯೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ, ಆದರೆ ಆ ನಂಬರ್ ಹಿಡಿದು ಕಿಟಕಿಯ ಮುಂದೆ ನಿಂತ ಹೆಂಗಸನ್ನು "ನಾಳೆ ಬಾ" ಎಂದು ಕಳಿಸುವುದು ಅಷ್ಟು ಸುಲಭವಲ್ಲ. ಉದ್ಯೋಗ ಖಾತರಿಯಲ್ಲೂ ಹೀಗೇ. ಕೆಲಸ ಕೇಳುವ ನಮೂನೆ-6 ತುಂಬಿ, ದಿನಾಂಕ ಹಾಕಿದ ರಸೀದಿ ಪಡೆದು, 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕಿದೆ. 2024-25ರ ಕೂಲಿ 349 ರೂಪಾಯಿ, ಗಂಡಿಗೂ ಹೆಣ್ಣಿಗೂ ಅಷ್ಟೇ. ಹೊಲದ ಕೂಲಿಯಲ್ಲಿ ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದು ಬಸ್ ಖರ್ಚಿನ ಚಿಂತೆ ತಪ್ಪಿದೆ. ತಾಲ್ಲೂಕಿಗೆ ಹೋಗಲು ಹೆಂಗಸರಿಗೆ ಈಗ ಬೇಕಿರುವುದು ಜೊತೆಗೊಬ್ಬರು, ಓದು ಬರಹ ಬಲ್ಲವರು.

ಇನ್ನು ಗ್ರಾಮಸಭೆ. ಹೆಂಗಸರು ಶನಿವಾರದ ಬೆಂಚಿನಲ್ಲಿ ಮತ್ತೆ ಮತ್ತೆ ಹೇಳಿದ ಎರಡು ದೂರುಗಳನ್ನು ಹುಡುಗಿಯರು ಒಟ್ಟುಮಾಡಿದ್ದರು. ಬಸ್ ಸ್ಟ್ಯಾಂಡಿನಿಂದ ಓಣಿಯವರೆಗೆ ಬೀದಿದೀಪ ಇಲ್ಲ, ಮಹಿಳಾ ಶೌಚಾಲಯಕ್ಕೆ ನೀರಿಲ್ಲ. ದ್ವಿತೀಯ ಪಿಯುಸಿ ಹುಡುಗಿ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡದ್ದನ್ನು ಓದಿದಳು. ದನಿ ನಡುಗುತ್ತಿತ್ತು. "ಆತು ಕೂಡವಾ, ನೋಡೂಣು" ಅಂದರು ಯಾರೋ. ಅವಳು ಕೂರಲಿಲ್ಲ. "ಸರ್, ಇದನ್ನ ನಡಾವಳಿ ಪುಸ್ತಕದಾಗ ಬರೀರಿ, ಬರದ ಮ್ಯಾಲ ಕೂಡ್ತೀನಿ" ಅಂದಳು. ಬರೆದರು. ಕೆಲವರಿಗೆ ಇದು ಉದ್ಧಟತನ ಅನಿಸಿದೆ. ನನಗೆ ಹಾಗನಿಸಲಿಲ್ಲ. ನಡಾವಳಿಗೆ ಸೇರದ ಮಾತು ಸಭೆಯಲ್ಲಿ ಆಡದ ಮಾತಿಗೆ ಸಮ ಎಂದು ನಾವೇ ಪೌರನೀತಿಯಲ್ಲಿ ಕಲಿಸುತ್ತೇವೆ.

ಪಂಚಾಯ್ತಿಯಲ್ಲಿ ಹೆಣ್ಣಿನ ದನಿ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 1983ರ ಪಂಚಾಯ್ತಿ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗಲೇ ಕರ್ನಾಟಕದಲ್ಲಿ ಶೇ. 25ರಷ್ಟು ಸ್ಥಾನ ಹೆಂಗಸರಿಗಿತ್ತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಬಂದದ್ದು 1993ರಲ್ಲಿ. 2010ರಿಂದ ನಮ್ಮಲ್ಲಿ ಅರ್ಧಕ್ಕರ್ಧ. ಸದಸ್ಯೆಯ ಬದಲು ಅವರ ಯಜಮಾನರು ಕುರ್ಚಿ ಹಿಡಿಯುವ ಊರುಗಳು ಇನ್ನೂ ಇವೆ, ಅದು ಬೇರೆ ಮಾತು. 1989ರಲ್ಲಿ ಹಳ್ಳಿಯ ಹೆಂಗಸರ ಸಂಘ ಕಟ್ಟುವ ಮಹಿಳಾ ಸಮಖ್ಯ ಕಾರ್ಯಕ್ರಮ ಶುರುವಾದ ಮೊದಲ ಜಿಲ್ಲೆಗಳಲ್ಲಿ ನಮ್ಮದೂ ಒಂದು, ಆಗಿನ ಬಿಜಾಪುರ. ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ ನೋಡಿ. ಸಂಘದಲ್ಲಿ ಕೂತು ಸಹಿ ಹಾಕಲು ಕಲಿತವರು ಒಬ್ಬರಾದರೂ ಸಿಗಬಹುದು.

ನಿಮ್ಮಲ್ಲಿ ಹೆಚ್ಚು ಜನರ ಅಸಮಾಧಾನ ಇರುವುದು ಆಸ್ತಿಯ ವಿಷಯಕ್ಕೆ ಎಂದು ನನಗೆ ತಿಳಿದಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಓದಿಸಿಕೊಳ್ಳಿ ಎಂದು ಹುಡುಗಿಯರು ಹೇಳುತ್ತಿದ್ದಾರೆ. ಹೌದು, ಹಾಗೆ ಹೇಳಿ ಎಂದವಳು ನಾನೇ. ಅಣ್ಣತಮ್ಮಂದಿರ ವಿರುದ್ಧ ಕೋರ್ಟಿಗೆ ಹೋಗಿ ಎಂದು ಯಾರೂ ಹೇಳಿಲ್ಲ. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು, 2005ರ ತಿದ್ದುಪಡಿ ಮದುವೆಯಾದ ಮಗಳನ್ನೂ ಮಗನ ಸಮಕ್ಕೆ ತಂದಿತು. ಪಾಲು ಬಿಡುವುದು ಅವಳ ಇಷ್ಟ. ಏನು ಬಿಡುತ್ತಿದ್ದೇನೆ ಎಂದು ತಿಳಿದು ಬಿಡಲಿ.

ಹುಡುಗಿಯರಿಗೆ ಬಿಡದ ಕೆಲಸವೂ ಇದೆ. ಹೊಡೆತ ಬಡಿತದ ವಿಷಯ ಯಾರಾದರೂ ಹೇಳಿಕೊಂಡರೆ ಹುಡುಗಿಯರು ಕೇಳಿಸಿಕೊಂಡು ಉಪನ್ಯಾಸಕಿಗೆ ತಿಳಿಸುತ್ತಾರೆ, ಅಲ್ಲಿಗೆ ಅವರ ಪಾತ್ರ ಮುಗಿಯಿತು. ಆ ಹೆಂಗಸು ಒಪ್ಪಿದರೆ ನಾವು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಸುತ್ತೇವೆ, ಇಲ್ಲವೆ ಸಂರಕ್ಷಣಾಧಿಕಾರಿಯಾಗಿರುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕಳಿಸುತ್ತೇವೆ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗುವುದು ನನ್ನ ಮೊಬೈಲಿನಿಂದ, ಯಾವ ವಿದ್ಯಾರ್ಥಿನಿಯ ಹೆಸರೂ ಹೊರಬರುವುದಿಲ್ಲ. ಯಾರ ಮನೆಗೂ ಹುಡುಗಿಯರು ವಿಚಾರಣೆಗೆಂದು ಹೋಗುವುದಿಲ್ಲ. ಬೆಂಚಿನಲ್ಲಿ ಕೇಳಿದ ಮಾತನ್ನು ಮನೆಯಲ್ಲಿ ಹೇಳಬಾರದೆಂದು ಅವರಿಗೆ ಹೇಳಿದ್ದೇವೆ. ದಯವಿಟ್ಟು ನೀವೂ ಕೆದಕಬೇಡಿ.

ಓದು ಹಾಳಾಗುತ್ತದೆ ಎಂಬ ಚಿಂತೆಗೆ: ದ್ವಿತೀಯ ಪಿಯುಸಿಯವರಿಗೆ ಡಿಸೆಂಬರ್‌ನಿಂದ ಈ ಕೆಲಸ ಇಲ್ಲ. ಉಳಿದವರೂ ನಾಲ್ಕೂವರೆ ಬಸ್ಸಿಗೆ ಹೊರಡುತ್ತಾರೆ, ಬಸ್ ಹತ್ತುವವರೆಗೆ ಉಪನ್ಯಾಸಕಿ ಜೊತೆಗಿರುತ್ತಾರೆ. ಇಷ್ಟವಿಲ್ಲದ ಹುಡುಗಿಯನ್ನು ಒತ್ತಾಯಿಸುವುದಿಲ್ಲ, ಇದಕ್ಕೆ ಅಂಕವೂ ಇಲ್ಲ.

ಈ ಪತ್ರದ ಜೊತೆ ಒಪ್ಪಿಗೆ ಚೀಟಿ ಇದೆ. ಒಪ್ಪಿಗೆ ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ ಎಂದು ಗುರುತು ಹಾಕಿ ಶುಕ್ರವಾರದೊಳಗೆ ಕಳಿಸಿ. ಚೀಟಿಯಲ್ಲಿ ತಂದೆಯ ಸಹಿಯ ಪಕ್ಕದಲ್ಲೇ ತಾಯಿಯ ಸಹಿಗೂ ಜಾಗವಿದೆ. ಅದು ಖಾಲಿ ಇದ್ದರೆ ಚೀಟಿ ವಾಪಸ್ ಬರುತ್ತದೆ. ಹೆಬ್ಬೆಟ್ಟಾದರೂ ಸರಿ, ಆದರೆ ಒತ್ತುವ ಮುಂಚೆ ಈ ಪತ್ರವನ್ನು ಮಗಳ ಕೈಯಲ್ಲಿ ಅವರಿಗೆ ಓದಿಸಿ. ನಿಮ್ಮ ಮನೆಯಲ್ಲೇ ನಿಂತುಹೋದ ಅರ್ಜಿ ಇದ್ದರೆ ಶನಿವಾರ ಎರಡು ಗಂಟೆಗೆ ಕಾಗದದ ಕವರ್ ತೆಗೆದುಕೊಂಡು ಬನ್ನಿ. ಮೂಲಪ್ರತಿಯ ಜೊತೆ ಜೆರಾಕ್ಸ್ ಕೂಡ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲೆ