ಎಫ್‌ಎಂ ರೇಡಿಯೊಗೆ ಊರಿನ ಸುದ್ದಿ ಹೇಳೋಕೆ ಯಾಕೆ ಬಿಡಲ್ಲ?

ಮಾನ್ಯ ಸಂಪಾದಕರೇ,

ನಮ್ಮ ಮಲೆನಾಡ ಕಡೆ ಮಳೆ ಹಿಡೀತು ಅಂದ್ರೆ ಮೊದಲು ಕರೆಂಟ್ ಹೋಗುತ್ತೆ, ಅದರ ಹಿಂದೇನೇ ಟಿವಿ, ಮಾರನೇ ದಿನ ಟವರ್ ಬ್ಯಾಟರಿ ಖಾಲಿಯಾಗಿ ಮೊಬೈಲ್ ನೆಟ್‌ವರ್ಕೂ ಹೋಗುತ್ತೆ. ಆಗ ಕೈಗೆ ಸಿಗೋದು ಸೆಲ್ ಹಾಕಿದ ರೇಡಿಯೊ ಒಂದೇ. ಆದ್ರೆ ಆ ರೇಡಿಯೊದಲ್ಲಿ ಸ್ವಂತವಾಗಿ ಸುದ್ದಿ ಹೇಳೋಕೆ ಈ ದೇಶದಲ್ಲಿ ಆಕಾಶವಾಣಿ ಬಿಟ್ಟು ಬೇರೆ ಯಾರಿಗೂ ಪರ್ಮಿಶನ್ ಇಲ್ಲ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ, ಎಫ್‌ಎಂನೋರು ಹಾಡು ಹಾಕ್ಕೊಂಡು ಹರಟೆ ಹೊಡೀತಾರೆ, ಅವರಿಗೆ ಸುದ್ದಿ ಬೇಡ ಅಂತ ಅಂದ್ಕೊಂಡಿದಾರೆ. ಬೇಡ ಅಂತಲ್ಲ, ಬಿಟ್ಟಿಲ್ಲ.

ಖಾಸಗಿ ಎಫ್‌ಎಂ ಇಡೀ ದೇಶದಲ್ಲಿ ಮೊದಲು ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 2001ರ ಜುಲೈನಲ್ಲಿ. ಅದಾಗಿ ಹತ್ತು ವರ್ಷಕ್ಕೆ, 2011ರಲ್ಲಿ ಬಂದ, ಖಾಸಗಿ ಎಫ್‌ಎಂ ವಿಸ್ತರಣೆಯ ಮೂರನೇ ಹಂತದ ನಿಯಮದಲ್ಲಿ ಸರ್ಕಾರ ಕೊಟ್ಟಿದ್ದು ಇಷ್ಟೇ, ಆಕಾಶವಾಣಿಯ ವಾರ್ತೆಯನ್ನ ಒಂದಕ್ಷರ ಬದಲಾಯಿಸದೆ ಹಾಗೇ ಹಾಕ್ಬಹುದು ಅಂತ. ಟ್ರಾಫಿಕ್, ಹವಾಮಾನ, ಪರೀಕ್ಷೆ ರಿಸಲ್ಟ್, ಕೆಲಸದ ಮಾಹಿತಿ ಇವೆಲ್ಲ ಸುದ್ದಿ ಅಲ್ಲ ಅಂತ ಬಿಟ್ಟಿದಾರೆ. ಕರೆಂಟು, ನೀರು, ಪ್ರಕೃತಿ ವಿಕೋಪದ ವಿಷಯ ಹೇಳಬಹುದು, ಆದ್ರೆ ಸ್ಥಳೀಯ ಆಡಳಿತ ಏನು ಕೊಡುತ್ತೋ ಅಷ್ಟು ಮಾತ್ರ.

ಇದು ಹೇಗಿರುತ್ತೆ ನೋಡಿ. ಘಾಟಿಯಲ್ಲಿ ಮರ ಬಿದ್ದು ಬಸ್ಸೆಲ್ಲ ನಿಂತಿವೆ ಅಂತ ಒಬ್ಬರು ಸ್ಟೇಷನ್‌ಗೆ ಫೋನ್ ಮಾಡಿದ್ರೆ ಅದನ್ನ ಟ್ರಾಫಿಕ್ ಅಂತ ಹೇಳಬಹುದು. ಆ ಮರ ವಾಲಿದೆ, ತೆಗೀರಿ ಅಂತ ಊರವರು ಹೋದ ತಿಂಗಳೇ ಅರ್ಜಿ ಕೊಟ್ಟಿದ್ರು, ಇಲಾಖೆ ಯಾಕೆ ಸುಮ್ನೆ ಕೂತಿತ್ತು ಅಂತ ಕೇಳಿದ್ರೆ ಅದು ಸುದ್ದಿ ಆಗೋಯ್ತು, ಅದು ಕೂಡದು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಂಥ ಪರಿಸ್ಥಿತಿ ಬಂದಾಗ ಅಲ್ಲಿ ಸಿಕ್ಕಿಹಾಕಿಕೊಂಡೋರ ಬಾಯಿಂದ ಬಂದ ಮಾತಿಗಿಂತ ಆಫೀಸಿಂದ ಬಂದ ಪ್ರಕಟಣೆಗೇ ಬೆಲೆ ಅಂದ್ರೆ ಆ ನಿಯಮ ಯಾರಿಗೋಸ್ಕರ?

ಪತ್ರಿಕೆಗೆ ಈ ಕಟ್ಟುಪಾಡು ಇಲ್ಲ, ನೀವು ನನ್ನ ಈ ಕಾಗದ ಹಾಕ್ತೀರಿ. ಟಿವಿಗೆ ಇಲ್ಲ, ದಿನವಿಡೀ ಸುದ್ದಿ ಚಾನೆಲ್‌ಗಳು ಕಿರುಚ್ತಾನೇ ಇವೆ. ಯೂಟ್ಯೂಬ್‌ನಲ್ಲಂತೂ ಒಂದು ಮೈಕ್ ಹಿಡ್ಕೊಂಡು ನಿಂತೋರೆಲ್ಲ ವರದಿಗಾರರೇ. ಇಷ್ಟೆಲ್ಲಾ ಬಿಟ್ಟಮೇಲೆ ಡೇಟಾ ಇಲ್ಲದೋರು, ಓದೋಕೆ ಬರದೋರು, ತೋಟದಲ್ಲಿ ಕೆಲಸ ಮಾಡ್ತಾ ಕೇಳೋರು ನಂಬಿಕೊಂಡಿರೋ ರೇಡಿಯೊಗೆ ಮಾತ್ರ ಬಾಯಿಗೆ ಬೀಗ ಯಾಕೆ? ಗಾಳಿಯ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಕಥೆ ಎಲ್ಲರಿಗೂ ಗೊತ್ತಿರಬೇಕು. ಹಳ್ಳಿ ಜನ, ಅದರಲ್ಲೂ ಹೆಂಗಸರು ತಾವೇ ಕಾರ್ಯಕ್ರಮ ರೆಕಾರ್ಡ್ ಮಾಡ್ತಿದ್ರು, ಆದ್ರೆ ಗಾಳಿಗೆ ಬಿಡೋಕೆ ಲೈಸೆನ್ಸ್ ಸಿಗೋ ಕಾಲ ಅಲ್ಲ ಅದು, ಹಂಗಾಗಿ ಕೇಬಲ್ ವೈರ್ ಎಳೆದು ಮನೆಮನೆಗೆ ಮುಟ್ಟಿಸಿದ್ರು. ರೇಡಿಯೊ ಕಾರ್ಯಕ್ರಮ ಕೇಬಲ್‌ನಲ್ಲಿ! ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೊ, ಅಂದ್ರೆ ಊರಿನ ಜನರಿಗೋಸ್ಕರ ಅವರೇ ಸೇರಿ ನಡೆಸೋ ಸಣ್ಣ ಸ್ಟೇಷನ್, ಕೊಡೋ ನೀತಿ ಬಂದಿದ್ದು 2006ರಲ್ಲಿ. ಬಂತು, ಒಳ್ಳೇದಾಯ್ತು, ಆದ್ರೆ ಅವರೂ ಸ್ವಂತ ಸುದ್ದಿ ಹೇಳೋ ಹಾಗಿಲ್ಲ. ತನ್ನ ಗ್ರಾಮ ಸಭೇಲಿ ಏನಾಯ್ತು ಅಂತ ವರದಿ ಮಾಡೋಕೆ ಹೆದರಬೇಕಾದ ಸ್ಟೇಷನ್ನು ಎಂಥ ಸಮುದಾಯ ರೇಡಿಯೊ?

ಅಷ್ಟೊಂದು ಸ್ಟೇಷನ್‌ಗಳ ಮೇಲೆ ನಿಗಾ ಇಡೋದು ಕಷ್ಟ, ಭದ್ರತೆಯ ಪ್ರಶ್ನೆ ಇದೆ ಅಂತ ಸರ್ಕಾರ ಹೇಳ್ಕೊಂಡು ಬಂದಿದೆ. ಸುಳ್ಳು ಸುದ್ದಿ ಹಬ್ಬಿದ್ರೆ ಆಗೋ ಅನಾಹುತ ನನಗೂ ಗೊತ್ತು. ಆದ್ರೆ ಸುಳ್ಳು ಈಗ ಹಬ್ತಾ ಇರೋದು ವಾಟ್ಸಾಪ್‌ನಲ್ಲಿ, ಅಲ್ಲಿ ಹೇಳಿದ್ದು ಯಾರು ಅಂತಲೂ ಗೊತ್ತಾಗಲ್ಲ. ರೇಡಿಯೊ ಸ್ಟೇಷನ್‌ಗೆ ಲೈಸೆನ್ಸ್ ಇದೆ, ವಿಳಾಸ ಇದೆ, ತಪ್ಪು ಮಾಡಿದ್ರೆ ಅದನ್ನ ಕಿತ್ಕೊಳ್ಳೋ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ.

ನಾನು ನಿಯಮವೇ ಬೇಡ ಅನ್ನೋನಲ್ಲ. 2016ರಲ್ಲಿ ಕೆಲವೇ ವೆಬ್‌ಸೈಟ್‌ಗಳನ್ನ ಪುಕ್ಕಟೆ ಕೊಡೋ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಥರದ ಸ್ಕೀಮ್‌ಗಳನ್ನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, ನಿಲ್ಲಿಸ್ತಲ್ಲ, ಅದು ಸರಿಯಾದ ಕೆಲಸ. ಅದೇ ಟ್ರಾಯ್ 2023ರ ಸೆಪ್ಟೆಂಬರ್‌ನಲ್ಲಿ, ಖಾಸಗಿ ಎಫ್‌ಎಂನವರಿಗೆ ಗಂಟೆಗೆ ಹತ್ತು ನಿಮಿಷ ಸುದ್ದಿ ಹಾಕೋಕೆ ಬಿಡಿ, ಮೊಬೈಲ್‌ಗಳಲ್ಲಿ ಎಫ್‌ಎಂ ಬಂದ್ ಮಾಡಬೇಡಿ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿದೆ. ಮೊಬೈಲ್ ಮಾತು ಬಂತು ಅಂತ ಹೇಳ್ತೀನಿ, ಹಳೇ ಕೀಪ್ಯಾಡ್ ಫೋನಲ್ಲಿ ಇಯರ್‌ಫೋನ್ ಚುಚ್ಚಿದ್ರೆ ಆ ವೈರೇ ಆಂಟೆನಾ ಆಗಿ ಒಂದು ಪೈಸೆ ಡೇಟಾ ಇಲ್ಲದೆ ಎಫ್‌ಎಂ ಕೇಳ್ತಿತ್ತು, ಈಗಿನ ಎಷ್ಟೋ ದುಬಾರಿ ಫೋನಲ್ಲಿ ಅದೇ ಇಲ್ಲ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಎಫ್‌ಎಂ ಚಾನೆಲ್ ಹರಾಜು ಹಾಕೋಕೆ ಒಪ್ಪಿಗೆ ಕೊಟ್ಟಿತು, ಅದರಲ್ಲಿ ನಮ್ಮ ರಾಜ್ಯದ ಊರುಗಳೂ ಇವೆ. ಆ ಊರುಗಳಲ್ಲೂ ಬರೀ ಹಾಡೇ ಕೇಳಬೇಕಾ? ನಮ್ಮ ಎಂಪಿಗಳು ಪಕ್ಷಭೇದ ಬಿಟ್ಟು ಟ್ರಾಯ್ ಶಿಫಾರಸು ಜಾರಿ ಮಾಡಿ ಅಂತ ಸಂಸತ್ತಲ್ಲಿ ಕೇಳಲಿ. ಖಾಸಗಿಯವರಿಗೆ ಕೊಡೋಕೆ ತಡ ಆದ್ರೆ ಸಮುದಾಯ ರೇಡಿಯೊಗಳಿಗಾದ್ರೂ ತಮ್ಮ ವ್ಯಾಪ್ತಿಯ ಹಳ್ಳಿಗಳ ಸುದ್ದಿ ಓದೋಕೆ ಮುಂದಿನ ಮಳೆಗಾಲದೊಳಗೆ ಅನುಮತಿ ಕೊಡಲಿ.

ಇಂತಿ,
ಒಬ್ಬ ರೇಡಿಯೊ ಕೇಳುಗ
ತೀರ್ಥಹಳ್ಳಿ